ಗಾಳಿಗೋಪುರದ ಅಳತೆ

ಮುಹರಕ್ಕಿನ ಆ ಮನೆಯನ್ನು ಅಳೆಯಲು ನನಗೆ ಕೊಟ್ಟದ್ದು ಮೂರು ದಿನ.
ನಾಲ್ಕನೆಯ ದಿನಕ್ಕೆ ಬುಲ್ಡೋಜರಿನ ಬಾಡಿಗೆ ಆಗಲೇ ಕಟ್ಟಿಯಾಗಿತ್ತು.

ಟೇಪಿನ ಆ ತುದಿ ಹಿಡಿದವನು ಕಾಪುವಿನ ಐತಪ್ಪ.
ಅವನು ಕೂಗುವುದು, ನಾನು ಬರೆಯುವುದು.
ಮಜ್ಲಿಸು: ಮೂರು, ಸೊನ್ನೆ ಎರಡು.
ಉಗ್ರಾಣ: ಮೂರು, ಸೊನ್ನೆ ಒಂದು.
ಹೆಂಗಸರ ಅಂಗಳದಾಚೆಯ ಕತ್ತಲ ಕೋಣೆಯೂ ಅಷ್ಟೇ.
"ಎಂಥ ಕಂಜೂಸು ಸಾಹುಕಾರ ಮಾರಾಯ್ರೆ!
ಮುತ್ತು ಮಾರಿದವನು, ಅಗಲಕ್ಕೆ ಕೈಯೇ ಬಿಚ್ಚಲಿಲ್ಲ."

ಕಾರಣ ತಲೆಯ ಮೇಲೆಯೇ ಇತ್ತು:
ಸಾಲು ಸಾಲು ಕಾಂಡ್ಲಾ ಮರದ ಪಕ್ಕಾಸು.
ಆಫ್ರಿಕದ ಯಾವುದೋ ಅಳಿವೆಯ ಕೆಸರಿನಲ್ಲಿ ಬೆಳೆದು
ಹಾಯಿಹಡಗಿನಲ್ಲಿ ಬಂದದ್ದು.
ಆ ಮರ ನೆಟ್ಟಗೆ ಬೆಳೆಯುವುದೇ ಅಷ್ಟು, ಆಮೇಲೆ ಡೊಂಕು.
ಧಣಿಯ ಕೋಣೆ, ತೊತ್ತಿನ ಕೋಣೆ, ಬಾಣಂತಿಯ ಕೋಣೆ,
ಎಲ್ಲದರ ಅಗಲ ನಿಶ್ಚಯಿಸಿದ್ದು ಒಂದು ಕೆಸರುಗಿಡ.

ಪಕ್ಕಾಸಿನ ಮೇಲೆ ಸೀಳುಬಿದಿರಿನ ಚಾಪೆ.
ಇದಕ್ಕೇನನ್ನುತ್ತೀರಿ ಎಂದು ಕಾವಲಿನ ಜುಮ್ಮಾನನ್ನು ಕೇಳಿದೆ.
"ಮಂಗ್ರೂರ್" ಎಂದ.
ಐತಪ್ಪ ಟೇಪು ಬಿಟ್ಟೇಬಿಟ್ಟ,
ಅದು ಸರ್ರನೆ ಬಂದು ನನ್ನ ಬೆರಳಿಗೆ ಹೊಡೆಯಿತು.
ಯಾಕೆ ಆ ಹೆಸರು, ಯಾರು ಇಟ್ಟದ್ದು, ಜುಮ್ಮಾನಿಗೆ ತಿಳಿಯದು.
ನಾವೂ ಕೆದಕಲಿಲ್ಲ.
ಆ ದಿನವಿಡೀ ಐತಪ್ಪ ಕತ್ತೆತ್ತಿಕೊಂಡೇ ನಡೆದ, ಎರಡು ಸಲ ಎಡವಿದ.

ಗೋಡೆ ಹವಳಗಲ್ಲಿನದು.
ಇಳಿತದ ಹೊತ್ತು ಮೊಣಕಾಲು ನೀರಿನಲ್ಲಿ ನಿಂತು
ಹಾರೆಯಿಂದ ಎಬ್ಬಿಸಿ, ಕತ್ತೆಯ ಮೇಲೆ ಹೇರಿ ತಂದದ್ದು.
ಉಗುರಲ್ಲಿ ಕೆರೆದರೆ ಚಿಪ್ಪು.
ನಾಲಿಗೆಗೂ ಇಟ್ಟು ನೋಡಿದೆ, ಯಾರಿಗೂ ಹೇಳಬೇಡಿ:
ನೂರ ಮೂವತ್ತು ವರ್ಷವಾದರೂ ಉಪ್ಪು ಹೋಗಿರಲಿಲ್ಲ.
ಸೊಂಟದೆತ್ತರದವರೆಗೆ ಗಾರೆಯನ್ನು ತಿಂದದ್ದೂ ಅದೇ.

ನಮ್ಮ ಕಡೆ ಗಾಳಿಗೋಪುರ ಎಂದರೆ ಇಲ್ಲದ್ದು,
ಕೆಲಸವಿಲ್ಲದವನು ಕಟ್ಟುವುದು.
ಇಲ್ಲಿ ಅದರ ಎತ್ತರ ಛಾವಣಿಯಿಂದ ಐದು ಮೀಟರು ಹತ್ತು.
ನಾಲ್ಕೂ ದಿಕ್ಕಿಗೆ ಬಾಯಿ.
ಒಳಗೆ ಮೂಲೆಯಿಂದ ಮೂಲೆಗೆ ಹಾಯ್ದ ಎರಡು ಗೋಡೆ
ಯಾವ ಕಡೆಯ ಗಾಳಿಯನ್ನೂ ಕತ್ತು ಹಿಡಿದು ಕೆಳಗಿಳಿಸುತ್ತವೆ.
ಕೆಳಗೆ ನಿಂತೆ. ಆಗಸ್ಟ್ ತಿಂಗಳು.
ಬೆವರಿದ ಹೆಗಲ ಮೇಲೆ ಯಾರೋ ಊದಿದ ಹಾಗೆ.
ಹಾಳೆಯ ಮೇಲೆ ಕನ್ನಡದಲ್ಲಿ ಹೆಸರು ಬರೆದೆ,
ಅಳಿಸಿ, ಕಚೇರಿಗೆ ಒಪ್ಪುವ ಹಾಗೆ ಬರೆದೆ.

ಎರಡನೆಯ ಸಂಜೆ ತರ್ಫಾ ಬಂದರು,
ಕಟ್ಟಿಸಿದ ನಾಖೋದನ ಮರಿಮಗಳು.
ಒಳಗೆ ಕಾಲಿಡಲಿಲ್ಲ. ಬೀದಿಯಲ್ಲೇ ಕುರ್ಚಿ ಹಾಕಿಸಿಕೊಂಡು
ಹಳೆ ಮುಂಬಯಿ ಹಿಂದಿಯಲ್ಲಿ ಕೇಳಿದರು:
"ಗೋಪುರದ ಕೆಳಗೆ ಅಮ್ಮನ ಮಂಚ ಇತ್ತು. ಬರೆದೆಯಾ?"
ಇಲ್ಲದ ಮಂಚವನ್ನು ಅಳೆಯುವುದು ಹೇಗೆ ಎಂದೆ.
ಕೋಲಿನಿಂದ ಬೀದಿಯ ಧೂಳಿನಲ್ಲೇ ಗೀಚಿ ತೋರಿಸಿದರು,
ತಲೆ ಈ ಕಡೆ, ನೀರಿನ ಹೂಜಿ ಆ ಕಡೆ.
ಚುಕ್ಕೆಗೆರೆಯಲ್ಲಿ ಬರೆದುಕೊಂಡೆ.
ನಮ್ಮ ನಕ್ಷೆಯಲ್ಲಿ ಚುಕ್ಕೆಗೆರೆ ಎಂದರೆ
ತಲೆಯ ಮೇಲಿರುವುದು, ಇಲ್ಲವೇ ಕೆಡವಬೇಕಾದ್ದು.
ಅವರಿಗೆ ಅದನ್ನು ಹೇಳಲಿಲ್ಲ.

ನಾಲ್ಕನೆಯ ದಿನ ನಾನು ಹೋಗಲಿಲ್ಲ.
"ಗೋಪುರ ಬಿದ್ದದ್ದು ಸದ್ದೇ ಇಲ್ಲದೆ" ಎಂದ ಐತಪ್ಪ,
"ಧೂಳು ಮಾತ್ರ. ಪಕ್ಕಾಸು ಲಾರಿಗೆ ಹೋಯಿತು,
ನಾನೂರ ಹನ್ನೊಂದು, ಎಣಿಸಿದೆ.
ಚಾಪೆ ಯಾರಿಗೂ ಬೇಡವಾಯಿತು."

ಈಗ ಅಲ್ಲಿ ಇಪ್ಪತ್ತೆರಡು ಕಾರು ನಿಲ್ಲುತ್ತವೆ.
ಬಿಳಿ ಗೆರೆಗಳ ನಡುವೆ ಎರಡೂವರೆ ಮೀಟರು.
ಕಾರಿಗೆ ಅಷ್ಟು ಸಾಕು.

ಕಚೇರಿಯ ಕಪಾಟಿನಲ್ಲಿ ನನ್ನ ಹಾಳೆ ಇದೆ. ಲೆಕ್ಕ ಕೂಡುವುದಿಲ್ಲ.
ಎಲ್ಲ ಕೋಣೆ, ಎಲ್ಲ ಗೋಡೆಯ ದಪ್ಪ ಸೇರಿಸಿದರೂ
ಹೊರಗಿನ ಅಳತೆಗೆ ನಾಲ್ಕು ಬೆರಳು ಕಡಿಮೆ.
ಮನೆಯೇ ಸೊಟ್ಟಗಿತ್ತೋ, ಐತಪ್ಪ ತಪ್ಪು ಕೂಗಿದನೋ,
ಇನ್ನೊಮ್ಮೆ ಟೇಪು ಹಿಡಿಯೋಣವೆಂದರೆ ಯಾವುದಕ್ಕೆ?
ಕೆಲವು ರಾತ್ರಿ ಆ ನಾಲ್ಕು ಬೆರಳಿಗಾಗಿ
ಕೋಣೆ ಕೋಣೆ ಹೊಕ್ಕು ಬರುತ್ತೇನೆ,
ಚುಕ್ಕೆಗೆರೆಯ ಮಂಚವನ್ನು ಬಳಸಿಕೊಂಡು,
ಕಾಲು ತಾಗದ ಹಾಗೆ.